ಕೆಂಪು ದಾರದ ಶೀಷೆ

೨ ಏಪ್ರಿಲ್ ೧೯೯೨, ಗುರುವಾರ, ಆಳಂದ

ಈ ರಿಜಿಸ್ಟರು ಕೃಷಿ ಇಲಾಖೆಯದು. ಮೊಳಕೆ ಪರೀಕ್ಷೆಗೆಂದು ಕೊಟ್ಟಿದ್ದರು, ನಾನು ರಿಟೈರ್ ಆಗುವಾಗ ಅರ್ಧ ಖಾಲಿ ಉಳಿದಿತ್ತು, ಚೀಲದಾಗ ಬಂದುಬಿಟ್ಟಿತು. ಎಡಗಡೆ ಇನ್ನೂ ಅಚ್ಚಿನ ಗೆರೆ ಅವ: ಬೀಜದ ತಳಿ, ಇಟ್ಟ ದಿನ, ನೂರಕ್ಕೆ ಎಷ್ಟು ಮೊಳೆತವು. ಹೆಂಡತಿ ಕಸ್ತೂರಿ ಇದ್ದಾಗ ಬರೆಯುವ ಜರೂರಿ ಬೀಳಲಿಲ್ಲ. ನಾನು ಹೇಳುತ್ತಿದ್ದೆ, ಆಕಿ ಜ್ವಾಳಾ ಹಸನು ಮಾಡುತ್ತ ಕೇಳಿದಂಗ ಮಾಡುತ್ತಿದ್ದಳು. ಆಕಿ ಹೋಗಿ ನಾಕು ವರ್ಷ ಆತು. ಇವತ್ತು ಯಾರಿಗಾದರೂ ಹೇಳಲೇಬೇಕು, ಆದರ ಯಾರಿಗೂ ಹೇಳುವಂಗಿಲ್ಲ. ಅದಕ್ಕ ಇಲ್ಲಿ.

ಅಮೃತಳನ್ನು ಹೀರಾಬಾಯಿ ಡಾಕ್ಟರ ದವಾಖಾನೆಗೆ ಕರಕೊಂಡು ಹೋಗಿದ್ದೆ. ಮಗಳು ಬಸುರಿ, ಎಂಟು ತಿಂಗಳು ತುಂಬಿವೆ. ಚೊಚ್ಚಲು ಅಂತ ಜೇವರ್ಗಿಯಿಂದ ತವರಿಗೆ ಬಂದಾಳ. ತವರು ಅಂದರ ನಾನೊಬ್ಬ, ಎರಡು ಖೋಲಿ, ಒಂದು ಬೇವಿನ ಗಿಡ. ಗುಲಬರ್ಗಾಕ್ಕೆ ಕಳಿಸಿದ್ದ ರಕ್ತದ ರಿಪೋರ್ಟು ಬಂದಿತ್ತು. ಡಾಕ್ಟರು ಎರಡು ಸಲ ಓದಿ ಚಾಳೀಸು ತೆಗೆದಿಟ್ಟರು.

"ರಾಯರೆ, ಇದಕ್ಕ ಆಸ್ಟ್ರೇಲಿಯಾ ಆಂಟಿಜೆನ್ ಅಂತಾರ. ಪಾಸಿಟಿವ್ ಅದ."

ಆಸ್ಟ್ರೇಲಿಯಾ ಅಂದ ಕೂಡಲೇ ಕಾಲೇಜಿನ ಜಾಗ್ರಫಿ ನೆನಪಾತು. ಮೆರಿನೋ ಶೀಪ್, ವೂಲ್, ವೀಟ್. ಮನುಷ್ಯನ ತಲೆ ಎಂಥಾ ಹೊತ್ತಿನಾಗ ಎಲ್ಲೆಲ್ಲಿ ತಿರುಗತದ ನೋಡು.

ಕಾಮಣಿಯ, ಅಂದರ ಜಾಂಡೀಸಿನ, ಒಂದು ಜಾತಿಯಂತೆ. ಅಮೃತಳಿಗೆ ಮೈಯಾಗ ಏನೂ ತ್ರಾಸಿಲ್ಲ, ಆದರ ರಕ್ತದಾಗ ಅದ. ಹೆರಿಗೆ ಹೊತ್ತಿನಾಗ ಕೂಸಿಗೆ ಹತ್ತತದ. ಕೂಸಿಗೆ ಹತ್ತಿದರೆ ಹತ್ತರಾಗ ಒಂಬತ್ತಕ್ಕೆ ಜೀವನಪೂರ್ತಿ ಬಿಡಂಗಿಲ್ಲ, ಮೂವತ್ತಕ್ಕೋ ನಲವತ್ತಕ್ಕೋ ಲಿವರು ತಿಂದುಹಾಕತದ. ತಪ್ಪಿಸಲಿಕ್ಕೆ ಒಂದೇ ದಾರಿ. ಹೊಸ ಲಸಿಕೆ ಬಂದದ, ಹುಟ್ಟಿದ ಹನ್ನೆರಡು ತಾಸಿನೊಳಗ ಹಾಕಬೇಕು, ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಆಳಂದದಾಗ ಸಿಗಂಗಿಲ್ಲ, ಸೊಲ್ಲಾಪುರದಿಂದ ತರಬೇಕು.

"ಇವಳ ತಾಯಿ ಏನಾಗಿ ಹೋದ್ರು?" ಅಂತ ಕೇಳಿದರು.

ಕಾಮಣಿಯಾಗಿ ಅಂದೆ. ಉಳಿದದ್ದು ಹೇಳಲಿಲ್ಲ. ಇಲ್ಲಿಯೂ ಬರೆಯೂದಿಲ್ಲ.

ಒಟ್ಟಿಗೆ ಉಂಡರೆ ಕುಡಿದರೆ ಇದು ಹತ್ತಂಗಿಲ್ಲ ಅಂತ ಡಾಕ್ಟರು ಹೇಳಿದರು. ಅವರು ಹೇಳತಾರ. ಮನೆಗೆ ಬಂದು ಅಮೃತಳ ತಾಟು ಬ್ಯಾರೆ ಇಟ್ಟೆ, ಗುರುತಿಗೆ ಅವಳ ಲೋಟಕ್ಕೆ ಕೆಂಪು ದಾರ ಕಟ್ಟಿದೆ. ಜಾಗ್ರತಿ ಮಾಡೂದು ತಪ್ಪಲ್ಲ. ಅಮೃತ ದಾರ ನೋಡಿದಳು, ನನ್ನ ನೋಡಿದಳು, ನೀರು ಕುಡಿದು ಲೋಟ ಬೋರಲು ಹಾಕಿದಳು.

೬ ಏಪ್ರಿಲ್, ಸೋಮವಾರ

ಸೊಲ್ಲಾಪುರಕ್ಕೆ ಹೋಗಿ ಬಂದೆ. ಎರಡು ಶೀಷೆ ಸಿಕ್ಕವು, ಹುಟ್ಟಿದ ದಿನದ್ದು ಒಂದು, ತಿಂಗಳದ್ದು ಒಂದು. ಕಿರುಬೆರಳಿನ ಉಗುರಷ್ಟು ಮದ್ದು, ಮಜ್ಜಿಗಿ ನೀರಿನ ಬಣ್ಣ. ಥರ್ಮಾಸಿನಾಗ ಇಟ್ಟುಕೊಂಡು ತೊಡೆಯ ಮೇಲೆ ಹಿಡಿದು ಕೂತೆ. ಡಬ್ಬಿಯಾಗ ಮಡಿಚಿದ ಇಂಗ್ಲಿಷ್ ಕಾಗದ ಇತ್ತು. ಬಸ್ಸಿನಾಗ ಬಿಚ್ಚಿ ಜೋರಾಗೇ ಓದಿದೆ, ಬಾಜೂಕಿನ ಮನುಷ್ಯ ಗೌರವದಿಂದ ಸರಿದು ಕೂತ. ಸರ್ಫೇಸ್ ಆಂಟಿಜೆನ್, ಪಾರ್ಟಿಕಲ್ಸ್, ಅಡ್ಸಾರ್ಬ್ಡ್. ಎರಡು ವರ್ಷ ಬಿಎಸ್ಸಿ ಓದಿದ್ದು ದಂಡ ಆಗಲಿಲ್ಲ. ಅಕ್ಕಲಕೋಟ ದಾಟೂತಲೇ ಅಕ್ಷರ ಕುಣಿಯಲಿಕ್ಕೆ ಹತ್ತಿದವು, ಮಡಿಚಿ ಕಿಸೆಯಾಗ ಇಟ್ಟೆ.

ದವಾಖಾನೆಗೆ ಹೋದರ ಡಾಕ್ಟರ ಫ್ರಿಜ್ಜು ಕೆಟ್ಟು ಕೂತದ. ಯುಗಾದಿ ಹಿಂದಿನ ದಿನ ಕರೆಂಟು ಏರಿಳಿದು ಸುಟ್ಟಿತಂತೆ. ಡಾಕ್ಟರು ಹೆರಿಗೆ ಮಾಡಿಸಲಿಕ್ಕೆ ಒಳಗ ಹೋಗಿದ್ದರು. ನರ್ಸ್ ನಜಮುನ್ನಿಸಾ ಅಂದಳು, "ನಮ್ಮನಿ ಫ್ರಿಜ್ಜಿನಾಗ ಇಡ್ರಿ ಸಾಬ್. ಫ್ಯಾಕ್ಟರಿ ಕರೆಂಟು ನಮ್ಮನಿಗೂ ಅದ, ಹೋದ್ರ ಜನರೇಟರ್ ಅದ. ಕೆಳಗಿನ ಖಾನೆದಾಗ ಜಾಗಾ ಮಾಡಿ ಕೊಡ್ತೀನಿ."

ಆಕಿಯ ಗಂಡ ಶರಫುದ್ದೀನನದೇ ಬಸ್‌ಸ್ಟ್ಯಾಂಡ್ ಹಿಂದಿನ ಐಸ್ ಫ್ಯಾಕ್ಟರಿ. ಮನಿ ಅದರ ಹಿಂದ. ಹೋದೆ. ಆಕಿ ಫ್ರಿಜ್ಜು ತೆಗೆದಳು. ಮೊಸರಿನ ಪಾತೇಲಿ, ನಿಂಬಿಕಾಯಿ, ಮೇಲಿನ ಖಾನೆದಾಗ ಸ್ಟೀಲಿನ ಡಬ್ಬಿಯಾಗ ಮಟನ್.

"ಇಷ್ಟು ಥಂಡಿ ಸಾಲಂಗಿಲ್ಲ," ಅಂದೆ.

"ಸಾಲತದ ಸಾಬ್, ಪೋಲಿಯೋ ಹನಿ ಬಿಟ್ಟು ಇಂಥಾ ಸೂಜಿಮದ್ದು ಹಿಂಗೇ ಇಡೂದು..."

"ಹೀಟ್ ಈಸ್ ದಿ ಎನಿಮಿ ಆಫ್ ಆಲ್ ಸೀಡ್," ಅಂದೆ. ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಎಷ್ಟು ತಂಪೋ ಅಷ್ಟು ಆಯುಷ್ಯ. ಶರಫುದ್ದೀನನ ಉಪ್ಪುನೀರಿನ ತೊಟ್ಟಿಯಾಗ ಐಸಿನ ತಗಡಿನ ಡಬ್ಬಿ ಸಾಲಾಗಿ ನಿಂತಿರತಾವ. ಅಂಥಾ ಒಂದು ಡಬ್ಬಿಯಾಗ ಶೀಷೆ ಇಡಿಸಿದೆ.

ಅಂವ ತಲಿ ಕೆರಕೊಂಡ. "ಬೀಜದ ಸಾಹೇಬ್ರೆ, ಇದರಾಗ ಹಾಲು ಇಟ್ರ ಒಡೀತದ. ಕರಗಿದ ಮ್ಯಾಲ ನೀರು ಬ್ಯಾರೆ ಚೂರು ಬ್ಯಾರೆ ಆಗ್ತದ."

"ನೀನು ಐಸ್‌ಕ್ಯಾಂಡಿ ಮಾಡಾಂವ. ಇದು ಸೈನ್ಸು."

"ಖರೇ ಮತ್ತ. ನಾ ಮೂರನೇತ್ತಾ ತನಕ ಕಲಿತಾಂವ, ಅದೂ ಮಾಸ್ತರ ಮಾರಿ ನೋಡ್ಕೋತ." ನಕ್ಕ. ಛಾ ತರಿಸಿದ. ಈಗಷ್ಟೇ ಕುಡಿದೀನಿ ಅಂತ ಹೇಳಿ ಬಂದೆ.

೧೦ ಏಪ್ರಿಲ್, ಶುಕ್ರವಾರ

ದಿನಾ ಹೋಗಿ ನೋಡಿ ಬರತೀನಿ. ಶೀಷೆ ಒಳಗ ಕಲ್ಲಿನಂಗ ಗಟ್ಟಿ. ನೋಡಿದರೆ ಎದೆ ತಂಪಾಗತದ.

ಇವತ್ತು ಡಾಕ್ಟರು ಬಿಡುವಾಗಿದ್ದರು. ಅಷ್ಟು ಚೂರು ಮದ್ದು ಏನು ಮಾಡತದ ಅಂತ ಕೇಳಿದೆ. ಅವರಿಗೆ ಹೇಳಲಿಕ್ಕೆ ಖುಷಿ. ಅದರಾಗ ರೋಗದ ಹುಳ ಇಲ್ಲ, ಬರೀ ಅದರ ಸಿಪ್ಪಿ. ಸಿಪ್ಪಿಯ ತುಣುಕು ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡು ಆಗಿರತಾವ. ಗುಂಡಿನ ಸುತ್ತ ರೋಗದ ಗುರುತು ಒತ್ತೊತ್ತಾಗಿ ಎದ್ದು ಕಾಣತದ.

"ನಿಮಗ ಹೆಂಗ ಹೇಳ್ಲಿ. ಒಂದು ಜ್ವಾಳದ ಕಾಳು ಹೊಲದಾಗ ಬಿದ್ರ ಗುಬ್ಬಿ ಬರ್ತಾವೇನ್ರಿ?"

"ಕಣ್ಣಿಗೇ ಬೀಳಂಗಿಲ್ರಿ."

"ಅದೇ ಕಾಳು ತೆನಿಯಾಗ ಸುತ್ತಲೂ ಜೋಡಿಸಿ ನಿಂತ್ರ?"

"ಮೂರು ಹೊಲದ ಗುಬ್ಬಿ ಬರ್ತಾವ."

"ಮೈಯೂ ಹಂಗೇ. ಗುರುತು ಬಿಡಿ ಬಿಡಿಯಾಗಿ ಓಡಾಡಿದ್ರ ಲೆಕ್ಕಕ್ಕ ತಗೊಳ್ಳಂಗಿಲ್ಲ. ತೆನಿಯಂಗ ಸಾಲಾಗಿ ಕಂಡ್ರ ಎದ್ದು ಕೂಡ್ತದ, ನೆನಪಿಟ್ಕೋತದ. ಆ ಗುಂಡು ಪಟಿಕದಂಥ ಒಂದು ಹಿಟ್ಟಿಗೆ ಅಂಟಿ ಕೂತಿರ್ತಾವ, ಮೈಯಾಗ ಸಾವಕಾಶ ಬಿಡುಗಡಿ ಆಗ್ಲಿ ಅಂತ."

ಮೂವತ್ತು ವರ್ಷ ತೆನಿ ನೋಡಿದವನಿಗೆ ಇಷ್ಟು ಛಂದ ಯಾರೂ ಸೈನ್ಸು ಹೇಳಿರಲಿಲ್ಲ. ಏಳುವಾಗ ಕೇಳಿದರು, "ಶೀಷೆ ಎಲ್ಲಿಟ್ಟೀರಿ?"

"ಶರಫುದ್ದೀನನ ಕಡೆ."

"ನಜಮುನ್ನಿಸಾನ ಫ್ರಿಜ್ಜಿನಾಗಾ? ಛಲೋ ಆತು."

ಹೂಂ ಅಂದೆ. ಯಾಕ ಅಂದೆ ಅಂತ ಗೊತ್ತಿಲ್ಲ. ಮಟನ್ ಮಾತು ಅವರ ಮುಂದ ಎಲ್ಲಿ ತೆಗೆಯೂದು.

ಊಟಕ್ಕೆ ಕೂತಾಗ ಅಮೃತ, "ಅಪ್ಪಾ, ನನ್ನ ತಾಟಿಗೂ ಒಂದು ದಾರ ಕಟ್ಟು, ಮರತು ಗಿರತು ಉಂಡೀ," ಅಂದಳು. ತಾಯಿಯ ನಾಲಿಗಿ.

೧೪ ಏಪ್ರಿಲ್, ಮಂಗಳವಾರ

ಅಂಗಿ ತೊಳೆಯಲಿಕ್ಕೆ ಹಾಕುವಾಗ ಕಿಸೆಯಾಗಿನ ಕಾಗದ ಸಿಕ್ಕಿತು. ಕೊನೆಯ ಸಾಲು ಬಸ್ಸಿನಾಗ ಓದಿರಲಿಲ್ಲ.

ಡು ನಾಟ್ ಫ್ರೀಜ್. ಡಿಸ್ಕಾರ್ಡ್ ಇಫ್ ಫ್ರೋಜನ್.

ಡಿಸ್ಕಾರ್ಡ್ ಅನ್ನುವ ಶಬ್ದ ಡಿಕ್ಷನರಿಯಾಗ ನೋಡಿದೆ: ಚೆಲ್ಲಿಬಿಡು. ನೋಡುವ ಜರೂರಿ ಇರಲಿಲ್ಲ.

೧೫ ಏಪ್ರಿಲ್, ಬುಧವಾರ

ಎರಡೂ ಶೀಷೆ ತೆಗೆಸಿ ತಂದೆ. ಮುಷ್ಟಿಯಾಗ ಹಿಡಿದು ಕರಗಿಸಿ ಅಲುಗಾಡಿಸಿದೆ. ಬಿಳಿ ಚೂರು ಎದ್ದು ಕೆಳಗ ಕೂತವು, ಮೇಲೆ ತಿಳಿನೀರು. ರಾಡಿ ನೀರಿನಾಗ ಪಟಿಕ ತಿರುವಿದಂಗ. ಶರಫುದ್ದೀನ ಬಾಗಿಲಾಗ ನಿಂತು ನೋಡಿದ. ಹಾಲಿನ ಮಾತು ಅಂವ ಎತ್ತಲಿಲ್ಲ. ಎತ್ತಿದ್ದರೆ ಬೈಯಬಹುದಿತ್ತು.

ಮೊದಲು ಹೆಂಗಿತ್ತು ಅಂತ ಸರಿಯಾಗಿ ನೆನಪಿಲ್ಲ. ಎರಡನ್ನೂ ಹೆಪ್ಪುಗಟ್ಟಿಸಿಬಿಟ್ಟೀನಿ, ಹೋಲಿಸಿ ನೋಡಲಿಕ್ಕೆ ಒಂದೂ ಉಳಿಸಿಲ್ಲ. ಇಲಾಖೆಯಾಗ ಹೊಸಬರಿಗೆ ಮೊದಲನೇ ದಿನ ಹೇಳುತ್ತಿದ್ದ ಮಾತು ಇದು: ಒಳ್ಳೆ ಬೀಜದ ನಮೂನಿ ಬಾಜೂಕ ಇಟ್ಟುಕೊಂಡೇ ಕೆಟ್ಟದ್ದನ್ನ ನೋಡು.

ಚೂರು ಬಂದರೇನು, ಶಕ್ತಿ ಇದ್ದರೂ ಇರಬಹುದು. ಯಾರು ಕಂಡಾರ.

೧೬ ಏಪ್ರಿಲ್, ಗುರುವಾರ

ಸುಮ್ಮನಿದ್ದರೆ ಏನಾಗತದ ಅಂತ ಇಡೀ ದಿನ ಯೋಚನೆ ಮಾಡಿದೆ. ಏನೂ ಆಗಂಗಿಲ್ಲ. ಡಾಕ್ಟರು ಗಡಿಬಿಡಿಯಾಗ ಸೂಜಿ ಹಾಕತಾರ, ಕೂಸು ಅಳತದ, ಎಲ್ಲರೂ ಸಕ್ಕರಿ ತಿಂತಾರ. ಸತ್ತ ಬೀಜ ಎಂಟು ದಿನಕ್ಕ ತಾನೇ ಹೇಳತದ. ಇದು ಮೂವತ್ತು ವರ್ಷಕ್ಕ ಹೇಳತದ. ಅಷ್ಟೊತ್ತಿಗೆ ನಾನಿರಂಗಿಲ್ಲ.

ಬರೆಯೂದಿಲ್ಲ ಅಂದದ್ದನ್ನ ಬರೀತೀನಿ. ಕಸ್ತೂರಿಗೆ ಹೊಟ್ಟಿಯಾಗ ನೀರು ತುಂಬಿದಾಗ ಸೊಲ್ಲಾಪುರದಾಗ ತೋರಿಸಿದ್ದೆ. ಅಲ್ಲಿನ ಡಾಕ್ಟರು ಚೀಟಿಯಾಗ ಇದೇ ಆಸ್ಟ್ರೇಲಿಯಾ ಆಂಟಿಜೆನ್ ಬರೆದಿದ್ದರು. ಮಗಳ ರಕ್ತಾನೂ ತೋರಿಸ್ರಿ, ಮದುವಿಕಿಂತ ಮೊದಲು ತೋರಿಸ್ರಿ ಅಂದಿದ್ದರು. ಅವತ್ತು ಜೇವರ್ಗಿಯ ಸಂಬಂಧದ ಮಾತು ನಡೆದಿತ್ತು. ಚೀಟಿ ಮಡಿಚಿ ಟ್ರಂಕಿನಾಗ ಹಾಕಿದೆ. ಕಸ್ತೂರಿ ಕೇಳಿದಳು, ಏನು ಬರದಾರಂತ. ಎಲ್ಲ ಇಂಗ್ಲಿಷು, ನಿನಗ ತಿಳಿಯಂಗಿಲ್ಲ ಅಂದೆ. ಆಕಿ ಕಾಮಣಿಗೆ ನಾಟಿ ಔಷಧ ಅಂತ ಕೊರಳಾಗ ಬೇರಿನ ಸರ ಹಾಕಿಕೊಂಡೇ ತೀರಿಹೋದಳು.

ಅಂದರ ಈ ಮದ್ದಿನ ಡಬ್ಬಿಯ ಕಾಗದ ಎರಡನೇ ಚೀಟಿ.

೧೭ ಏಪ್ರಿಲ್, ಶುಕ್ರವಾರ

ಬೆಳಿಗ್ಗೆ ಎದ್ದವನೇ ನಜಮುನ್ನಿಸಾ ಮನಿಗೆ ಹೋದೆ. ನಿಂತೇ ಹೇಳಿದೆ. ಫ್ರಿಜ್ಜಿನಾಗ ಮಟನ್ ಇತ್ತು, ಅದಕ್ಕ ಒಲ್ಲೆ ಅಂದೆ, ಥಂಡಿಯ ಮಾತು ಸುಳ್ಳು, ಅದಕ್ಕೇ ಮದ್ದು ಸತ್ತಿತು. ಎಲ್ಲಾ ಹೇಳಿದೆ.

ಆಕಿ ಒಂದು ಕುರ್ಚಿ ಎಳೆದಿಟ್ಟಳು. "ಡಬ್ಬಿಗೆ ಮುಚ್ಚಳ ಇತ್ತಲ್ರಿ ಸಾಬ್," ಅಂದಳು. ಆಮೇಲೆ, "ಕೂಡ್ರಿ, ಬೆವರು ಒರಸ್ರಿ. ಹೆರಿಗಿಗೆ ಇನ್ನೂ ಎಂಟು ದಿನ ಅದ. ಇವತ್ತೇ ಸೊಲ್ಲಾಪುರಕ್ಕ ಹೋಗ್ರಿ."

ನೀರು ಕೊಟ್ಟಳು, ಛಾ ಕೊಟ್ಟಳು, ಕುಡಿದು ಒಂಬತ್ತರ ಬಸ್ಸು ಹಿಡಿದೆ.

ಅಂಗಡಿಯಾಗ ಮಾಲು ಇಲ್ಲ. ಸೋಮವಾರ ಪುಣೆಯಿಂದ ಬರತದಂತೆ, ಬಂದರೆ ಮಧ್ಯಾಹ್ನ. ಮೂರು ಅಂಗಡಿ ಕೇಳಿದೆ, ಮೂರರಲ್ಲೂ ಇಲ್ಲ. ಖಾಲಿ ಥರ್ಮಾಸು ತಗೊಂಡು ಬಂದೆ.

೧೮ ಏಪ್ರಿಲ್, ಶನಿವಾರ

ಅಮೃತಳಿಗೆ ಹೇಳಿದೆ. ಶೀಷೆಯದ್ದೂ ಹೇಳಿದೆ, ಟ್ರಂಕಿನ ಚೀಟಿಯದ್ದೂ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ನಾದೂದು ನಿಲ್ಲಿಸಲಿಲ್ಲ.

"ಅವ್ವಗ ಗೊತ್ತಿತ್ತೇನು?"

"ಇಲ್ಲ."

"ಸಾಯಾಕತ್ತಾಕಿಗೆ ಏನಾಗ್ಯದಂತ ಹೇಳಲಿಲ್ಲ. ಬದುಕಾಕತ್ತಾಕಿಗೂ ಹೇಳಲಿಲ್ಲ. ಬರೇ ನಿಂದೊಂದು ಇಂಗ್ಲಿಷು." ರೊಟ್ಟಿ ಬಡಿಯಲಿಕ್ಕೆ ಕೂತಳು. ಬಡಿತ ಭಾಳ ಜೋರಿತ್ತು. ಎರಡು ರೊಟ್ಟಿ ಆದ ಮೇಲೆ, "ಸೋಮವಾರ ಫಸ್ಟ್ ಬಸ್ಸಿಗೇ ಹೋಗು. ಇಲ್ಲಿ ಏನೇ ಆದ್ರೂ ಹೋಗು. ಡಾಕ್ಟರಿಗೆ ನಾನೇ ಹೇಳ್ತೀನಿ," ಅಂದಳು.

ಸತ್ತ ಶೀಷೆ ಒಂದನ್ನ ಚೆಲ್ಲಿದೆ. ಇನ್ನೊಂದು ಚೆಲ್ಲಲಿಕ್ಕೆ ಕೈ ಬರಲಿಲ್ಲ. ಹೊಸದು ಬಂದಾಗ ಅದಲು ಬದಲು ಆಗಬಾರದಲ್ಲ, ಅದಕ್ಕೊಂದು ಗುರುತು ಬೇಕಿತ್ತು. ಮನಿಯಾಗ ದಾರ ಹುಡುಕಿದೆ, ಸಿಗಲಿಲ್ಲ. ಅಮೃತಳ ಲೋಟದ್ದು ಬಿಚ್ಚಿ ಶೀಷೆಯ ಕೊರಳಿಗೆ ಕಟ್ಟಿದೆ.

೨೦ ಏಪ್ರಿಲ್, ಸೋಮವಾರ

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗಲೇ ನೋವು ಶುರು ಆಗಿತ್ತು. ಎಂಟು ದಿನ ಅಂದದ್ದು ಎಲ್ಲಿ ಹೋತು. ನಜಮುನ್ನಿಸಾ ಬಂದು ಅಮೃತಳ ಕೈ ಹಿಡಿದಳು, ಬಾಜೂಕಿನ ಮಾಳಮ್ಮ ಟಾಂಗಾ ತರಿಸಿದಳು. ನಾನು ಬಾಗಿಲಾಗ ನಿಂತಿದ್ದೆ. ಅಮೃತ ಹಲ್ಲು ಕಚ್ಚಿ, "ಇನ್ನೂ ಇಲ್ಲೇ ಇದ್ದೀಯಲ್ಲ ನೀ," ಅಂದಳು.

ಶರಫುದ್ದೀನ ಥರ್ಮಾಸಿಗೆ ಐಸ್ ತುಂಬಿದ. ಕೆಳಗ ಐಸ್, ನಡುವ ದಪ್ಪ ಅರಿಬಿ, ಅದರ ಮೇಲೆ ಶೀಷೆ ಇಡಬೇಕು. ಹೆಂಡತಿ ಹೇಳಿದ್ದನ್ನ ನನಗ ಮೂರು ಸಲ ಹೇಳಿದ, ನಾನು ಮೂರು ಸಲಾನೂ ಕೇಳಿದೆ.

ಪುಣೆಯ ಪಾರ್ಸಲ್ಲು ಹನ್ನೆರಡಕ್ಕೆ ಬರಲಿಲ್ಲ. ಒಂದಕ್ಕೂ ಬರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಗಂಟೆಗೆ ದವಾಖಾನೆಗೆ ಟ್ರಂಕಾಲ್ ಹತ್ತಿತು, ಮಾಳಮ್ಮ ಕೂಗಿದಳು: ಎಂಟೂವರಿಗೇ ಹೆಣ್ಣು ಕೂಸು, ತಾಯಿ ಮಗಳು ಆರಾಮ. ಎಂಟೂವರಿಗೆ ಹನ್ನೆರಡು ತಾಸು ಕೂಡಿಸಿದೆ. ಬೆರಳು ಮಡಿಚಿ ಮಡಿಚಿ ಕೂಡಿಸಿದೆ, ಒಂದೇ ಉತ್ತರ ಬರತಿತ್ತು.

ಎರಡಕ್ಕೆ ಪಾರ್ಸಲ್ಲು ಬಂತು. ಎರಡೂಕಾಲಿಗೆ ಬಸ್ಸು. ಹಿರೋಳ್ಳಿ ಹತ್ತರ ಟೈರು ಹೋತು. ಒಂದು ತಾಸು ಬಿಸಲಾಗ. ಥರ್ಮಾಸು ಒಮ್ಮೆ ತೆಗೆದು ನೋಡಿದೆ. ಅರಿಬಿ ಒಂದು ಕಡೆ ಸರಿದು ಕೂತಿತ್ತು, ಶೀಷೆ ಜಾರಿ ಐಸಿನ ನಡುವ ಬಿದ್ದಿತ್ತು. ತೊಟ್ಟಿಯ ಐಸ್, ಮುಟ್ಟಿದರೆ ಬೆರಳು ಅಂಟತದ. ಎಷ್ಟೊತ್ತಿನಿಂದ ಹಂಗಿತ್ತೋ. ಶೀಷೆ ತೆಗೆದು ಅರಿಬಿಯಾಗ ಸುತ್ತಿ ಮತ್ತೆ ಇಟ್ಟೆ. ಯಾರೋ ಏನು ತಂದೀರಿ ಅಂತ ಕೇಳಿದರು. ಥರ್ಮಾಸಿನ ಮುಚ್ಚಳ ಇನ್ನೊಮ್ಮೆ ತಿರುವಿ ಬಿಗಿ ಮಾಡಿದೆ.

ಐದೂವರಿಗೆ ದವಾಖಾನೆ ಮುಟ್ಟಿದೆ. ಡಾಕ್ಟರ ಎದುರಿಗೆ ಥರ್ಮಾಸು ಇಟ್ಟು ಮೊದಲು ಅದನ್ನೇ ಹೇಳಿದೆ: ಐಸಿಗೆ ಹತ್ತಿತ್ರಿ, ಇದೂ ಸತ್ತಿರಬಹುದು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಆ ಹಳೇ ಶೀಷೆ ಇಟ್ಟೀರೇನು? ಖರೇನ ಹೆಪ್ಪುಗಟ್ಟಿದ್ದು?"

ಕಿಸೆಯಿಂದ ತೆಗೆದು ಕೊಟ್ಟೆ. ಎರಡು ದಿನದಿಂದ ಕಿಸೆಯಾಗೇ ಇತ್ತು.

ಎರಡೂ ಶೀಷೆ ಒಂದೇ ಮುಷ್ಟಿಯಾಗ ಹಿಡಿದು ಜೋರಾಗಿ ಅಲುಗಾಡಿಸಿ, ಕಿಡಕಿಯ ಕಟ್ಟಿಯ ಮೇಲೆ ಬಾಜೂ ಬಾಜೂ ಇಟ್ಟರು. "ಹೆಪ್ಪುಗಟ್ಟಿ ಕರಗಿದ್ರ ಆ ಹಿಟ್ಟು ಗಂಟಾಗಿ ಲಗೂನ ಕೆಳಗ ಕೂಡ್ತದ. ಎರಡೂ ಒಂದೇ ಥರ ಕೂತ್ರ ಇದೂ ಹೋದಂಗ. ಅರ್ಧ ತಾಸು ನೋಡೂಣು."

ಒಳಗ ಕೂಸು ಅಳುತ್ತಿತ್ತು. ನಾನಿನ್ನೂ ಅದರ ಮಾರಿ ನೋಡಿರಲಿಲ್ಲ. ಶರಫುದ್ದೀನ ಬಂದು ಬಾಜೂಕ ನಿಂತ. ಇಬ್ಬರೂ ಕಿಡಕಿಯ ಮುಂದ ಬಗ್ಗಿ ನಿಂತೆವು, ಕೋಳಿ ಜಗಳ ನೋಡುವವರಂಗ.

ಐದು ನಿಮಿಷಕ್ಕ ಕೆಂಪು ದಾರದ್ದರಾಗ ಚೂರು ಇಳಿಯಲಿಕ್ಕೆ ಹತ್ತಿದವು. ಹತ್ತು ನಿಮಿಷಕ್ಕ ಮೇಲೆ ಅರ್ಧಕ್ಕರ್ಧ ತಿಳಿನೀರು. ಇನ್ನೊಂದು ಹಂಗೇ ಇತ್ತು, ಮಜ್ಜಿಗಿ ನೀರು. ನಾನು ಕಣ್ಣು ಪಿಳಕಿಸಲಿಲ್ಲ. ಇಪ್ಪತ್ತು ನಿಮಿಷ. ಕೆಂಪು ದಾರದ್ದು ಪೂರಾ ಕೂತಿತು. ಇನ್ನೊಂದು ಹಂಗೇ ಇತ್ತು.

"ಜಿಂದಾ ಅದ," ಅಂದ ಶರಫುದ್ದೀನ, ಮೆತ್ತಗ.

ಡಾಕ್ಟರು ಪೂರಾ ಅರ್ಧ ತಾಸು ಕಾಯಿಸಿದರು. ಆಮೇಲೆ ನಜಮುನ್ನಿಸಾ ಸೂಜಿ ತುಂಬಿದಳು. ಆರೂಕಾಲು. ಹುಟ್ಟಿ ಹತ್ತು ತಾಸಿಗೆ ಕಾಲು ತಾಸು ಕಡಿಮಿ. ತೊಡಿ ನನ್ನ ಹೆಬ್ಬೆರಳಷ್ಟಿತ್ತು.

೨೧ ಮೇ, ಗುರುವಾರ

ನಿನ್ನೆ ಎರಡನೇ ಸೂಜಿ ಆತು. ಮದ್ದು ಹದಿನೈದು ದಿನ ನಜಮುನ್ನಿಸಾನ ಫ್ರಿಜ್ಜಿನಾಗ ಇತ್ತು, ಕೆಳಗಿನ ಖಾನೆ, ಮೊಸರಿನ ಬಾಜೂಕ. ಅವರಲ್ಲೇ ಹೆಚ್ಚು ಹೊತ್ತು ಕೂತುಬಿಡತೀನಿ ಈಗ, ಶರಫುದ್ದೀನನಿಗೆ ಮಾತು ಭಾಳ. ಅವನ ಛಾದಾಗ ಯಾಲಕ್ಕಿ ಅತೀ ಆಗತದ, ಹೇಳಿದರೆ ಕೇಳಂಗಿಲ್ಲ.

ಅಳಿಯ ಶಾಂತಲಿಂಗಪ್ಪ ಜೇವರ್ಗಿಯಿಂದ ಬಂದಿದ್ದ. ಟ್ರಂಕಿನ ಚೀಟಿ ಅವನ ಕೈಯಾಗ ಕೊಟ್ಟೆ. ಓದಿ, ಅಂಗಳದಾಗ ಹೋಗಿ ಬೇವಿನ ಗಿಡದ ಕೆಳಗ ಭಾಳ ಹೊತ್ತು ನಿಂತ. ನನಗ ಮುಖ ತೋರಿಸಲಿಲ್ಲ. ಸಂಜಿಗೆ ಒಳಗ ಬಂದು ಅಮೃತಳಿಗೆ, "ನನ್ನ ರಕ್ತಾನೂ ತೋರಸೂಣು," ಅಂದ. ಊಟ ಮಾಡದೇ ಮಲಗಿದ. ಬೆಳಿಗ್ಗೆ ಉಂಡ.

೨ ಜೂನ್ ೧೯೯೩, ಬುಧವಾರ

ಕೂಸಿನ ರಕ್ತದ ರಿಪೋರ್ಟು ಬಂತು. ಆರು ತಿಂಗಳದ ಸೂಜಿ ಆದ ಮೇಲೆ ಕೂಸಿಗೆ ವರ್ಷ ತುಂಬಿಸಿ ರಕ್ತ ತೆಗೆಸ್ರಿ ಅಂದಿದ್ದರು. ಅಮೃತ ಅದಕ್ಕಂತಲೇ ಕೂಸು ಕರಕೊಂಡು ಬಂದಾಳ. ಲಕೋಟಿ ನನ್ನ ಕೈಯಾಗ ಕೊಟ್ಟರು. ನಾನು ಒಡೆಯಲಿಲ್ಲ, ಮನಿಗೆ ತಂದು ಅವಳ ಕೈಯಾಗ ಕೊಟ್ಟೆ.

"ಇಂಗ್ಲಿಷ್‌ನಾಗ ಅದ ಅಪ್ಪಾ, ನೀನೇ ಓದು."

"ನೀ ಓದು."

ಬೆರಳಿಟ್ಟು ಸಾವಕಾಶ ಓದಿದಳು. ಆಂಟಿಜೆನ್ ನೆಗೆಟಿವ್. ಆಂಟಿಬಾಡಿ ಪಾಸಿಟಿವ್. ಎರಡನೇ ಸಾಲಿಗೆ ಹೆದರಿ ನನ್ನ ಕಡೆ ನೋಡಿದಳು. ಅದು ಇರಬೇಕಾದದ್ದು ಅವ್ವಾ ಅಂದೆ. ಮೈ ತೆನಿ ನೋಡ್ಯದ, ನೆನಪಿಟ್ಟದ.

ಮತ್ತೇನು ಬರೆಯೂದು ತಿಳಿಯವಲ್ದು. ಊಟಕ್ಕೆ ಕೂತಾಗ ಕೂಸು ಎದ್ದು ಅತ್ತಿತು, ಅಮೃತ ಅರ್ಧ ರೊಟ್ಟಿ ತಾಟಿನಾಗೇ ಬಿಟ್ಟು ಓಡಿದಳು. ಆರಿ ಹೋಗತದಂತ ಅದನ್ನ ನಾನೇ ಉಂಡೆ, ಅವಳ ಲೋಟದಾಗಿನ ಮಜ್ಜಿಗಿಯೂ ಕುಡಿದೆ. ಪಲ್ಯಾಕ್ಕ ಉಪ್ಪು ಜಾಸ್ತಿ ಆಗಿತ್ತು. ಕಸ್ತೂರಿನೂ ಹಿಂಗೇ ಹಾಕುತ್ತಿದ್ದಳು.